ನೀಲವ್ವನ ಬೋನಿಗೆ ಬೀಳದ ಇಲಿ

ಆಕ್ಲೆಂಡಿನ ದೋಣಿಕಟ್ಟೆಯ ಮೂಲೆಯಲ್ಲೊಂದು ತಗಡಿನ ಶೆಡ್ಡು. ಇನ್ನೂ ಬೆಳಕು ಹರಿದಿಲ್ಲ. ಆಗಸ್ಟ್ ತಿಂಗಳ ಚಳಿ ಎಂಥದೆಂದರೆ, ಆಡಿದ ಮಾತು ಬಾಯಿಂದ ಹೊರಬಿದ್ದ ಕೂಡಲೇ ಹೆಪ್ಪುಗಟ್ಟಿ ಟಣ್ ಎಂದು ನೆಲಕ್ಕೆ ಬೀಳಬೇಕು. ಅಂಥ ಚಳಿಯಲ್ಲಿ ಸ್ವೆಟರಿನ ತೋಳು ಮೊಣಕೈವರೆಗೆ ಮಡಚಿಕೊಂಡು ನೀಲವ್ವ ಒಂದು ಬೆತ್ತದ ಬುಟ್ಟಿಯ ಗಂಟು ಬಿಚ್ಚುತ್ತಿದ್ದಾರೆ. ಚಪಾತಿ ಡಬ್ಬಿಯ ಮುಚ್ಚಳ ತೆಗೆದು ಟಾರ್ಚ್ ಬಿಡುತ್ತಾರೆ. ಚಿತ್ರಾನ್ನದ ಡಬ್ಬಿಗೂ ಅದೇ ಮರ್ಯಾದೆ. ಕೊನೆಗೆ ಬುಟ್ಟಿಯನ್ನು ಬೋರಲು ಹಾಕಿ ತಳಕ್ಕೆ ನಾಲ್ಕು ಬಾರಿಸುತ್ತಾರೆ.

ನೀಲವ್ವನ ಮಧ್ಯಾಹ್ನದ ಊಟಕ್ಕೆಂದು ಬುಟ್ಟಿ ತಂದ ಸುಶೀಲಾ ಆಂಟಿ ಬಾಗಿಲಲ್ಲೇ ನಿಂತಿದ್ದಾರೆ. ಮೈಸೂರಿನವರು, ಎಪ್ಪತ್ತು ದಾಟಿದವರು. "ಚೆನ್ನಾಗಿ ನೋಡಮ್ಮ. ಬಟ್ಟೆ ಮಡಿಕೇನೂ ಬಿಡಬೇಡ," ಎನ್ನುತ್ತಾರೆ.

"ನೀವು ಹೇಳದಿದ್ರೂ ನೋಡಾಕೀನ್ರಿ ಆಂಟಿ, ಈಗ," ಎನ್ನುತ್ತಾರೆ ನೀಲವ್ವ.

ಆ 'ಈಗ' ಎಂಬ ಮಾತಿಗೆ ಇಬ್ಬರೂ ತಲೆ ತಗ್ಗಿಸುತ್ತಾರೆ.

ಬಾಗಲಕೋಟೆ ಕಡೆಯ ನೀಲವ್ವ ಆಕ್ಲೆಂಡಿನ ಬಡಾವಣೆ ನ್ಯೂ ಲಿನ್‌ನಲ್ಲಿ ಮನೆ ಮಾಡಿ ವರ್ಷಗಳೇ ಆದವು. ಗಂಡ ಮನೋಹರ ಇಲ್ಲಿ ಎಂಜಿನಿಯರ್. ಅವರ ವೀಸಾದ ಬಾಲ ಹಿಡಿದು ಬಂದ ನೀಲವ್ವ ಮೊದಲು ಮೋಟೆಲಿನಲ್ಲಿ ಹಾಸಿಗೆ ಕೊಡವಿದರು, ಆಮೇಲೆ ಈ ಶೆಡ್ಡಿಗೆ ಬಂದರು. ಕಡಲಿನಾಚೆ ಒಂದು ನಡುಗಡ್ಡೆಯಿದೆ. ಅಲ್ಲಿ ಇಲಿಯಿಲ್ಲ, ಬೆಕ್ಕಿಲ್ಲ, ಹಾವು ಈ ದೇಶದಲ್ಲೇ ಇಲ್ಲ. ಹಾಗಾಗಿ ಹಾರಲು ಸೋಮಾರಿಯಾದ ಹಕ್ಕಿಗಳೆಲ್ಲ ನೆಲದ ಮೇಲೇ ಸಂಸಾರ ಹೂಡಿವೆ. ಅವನ್ನು ನೋಡಲು ಬರುವ ಪ್ರವಾಸಿಗಳ ಬೂಟು ತೊಳೆಯುವುದು, ಚೀಲ ತಡಕುವುದು ನೀಲವ್ವನ ಕೆಲಸ. ಒಂದು ಬೀಜ, ಒಂದು ಇರುವೆ ದೋಣಿ ಹತ್ತಬಾರದು.

ಎಷ್ಟು ಬೂಟು ತೊಳೆದಿದ್ದಾರೆ? ಸಾಲಾಗಿ ಜೋಡಿಸಿದರೆ ಇಲ್ಲಿಂದ ದೇಶದ ದಕ್ಷಿಣದ ಡನೀಡಿನ್ ದಾಟಿ ದಕ್ಷಿಣ ಧ್ರುವಕ್ಕೆ ಮುಟ್ಟಿ, ಮಿಕ್ಕವನ್ನು ಪೆಂಗ್ವಿನ್‌ಗಳಿಗೆ ಹಂಚಬಹುದು. ಔಷಧದ ನೀರಿಗೆ ಅವರ ಅಂಗೈ ಒಡೆದು ಬೇಸಿಗೆಯ ಕೆರೆಯಂಗಳವಾಗಿದೆ. ರಾತ್ರಿ ಕೊಬ್ಬರಿ ಎಣ್ಣೆ ಹಚ್ಚಿ ಕಾಲುಚೀಲವನ್ನು ಕೈಗೆ ಹಾಕಿಕೊಂಡು ಮಲಗುತ್ತಾರೆ. ಬಂದವರ ಚುಚ್ಚುಮಾತಿಗೆ ಮಾತ್ರ ಯಾವ ಎಣ್ಣೆಯೂ ಇಲ್ಲ. ಬೋಟ್ಸ್ವಾನಾದ ಸಫಾರಿ ಮುಗಿಸಿ ನೇರ ಇಲ್ಲಿಗಿಳಿದ ಒಬ್ಬ ಸಾಹೇಬ, ಬೂಟಿನಲ್ಲಿ ಅರ್ಧ ಆಫ್ರಿಕದ ಕೆಮ್ಮಣ್ಣು ಹೊತ್ತು ತಂದವನು, ಕಾಲು ಚಾಚಿ ಕೂತು ರೇಗಿದ್ದನಂತೆ: "ನಾನು ಸಿಂಹದ ಎದುರು ನಿಂತು ಬಂದವನು."

"ಇಲ್ಲಿ ಸಿಂಹ ಬಂದ್ರ ನಡೀತೈತ್ರಿ, ಇಲಿ ಬಂದ್ರ ನಡ್ಯಾಂಗಿಲ್ಲ ಅಂದೆ," ನೆನೆಯುತ್ತಾರೆ ನೀಲವ್ವ. "ನನ್ನ ಇಂಗ್ಲಿಷಿನ್ಯಾಗ ಅಂವಗ ಏನು ತಿಳೀತೋ ಏನೋ, ಬೂಟು ಮಾತ್ರ ಬಿಚ್ಚಿ ಕೊಟ್ಟ."

ಅಂಥ ಸಾಹೇಬನ ಬೂಟು ಬಿಚ್ಚಿಸಿದವರು ಸೋತದ್ದು ಇದೇ ಬೆತ್ತದ ಬುಟ್ಟಿಯೆದುರು.

ಕಳೆದ ವರ್ಷದ ಚೌತಿಯ ಮಾತು. ಇಲ್ಲಿ ಅದು ವಸಂತ, ಹಕ್ಕಿಗಳು ಮೊಟ್ಟೆಯಿಡುವ ಕಾಲ. ನಡುಗಡ್ಡೆಯ ದಂಡೆಯಲ್ಲಿ ಗಣಪನನ್ನು ಕೂರಿಸಿ ಊಟ ಮಾಡಿ ಬರೋಣವೆಂದು ಕನ್ನಡದವರ ತಂಡವೊಂದು ದೋಣಿ ಗೊತ್ತುಮಾಡಿತ್ತು. ಮಣ್ಣಿನ ಮೂರ್ತಿ ಬೇಡ, ಗರಿಕೆ ಬೇಡ ಎಂದು ನೀಲವ್ವ ಮೊದಲೇ ಫೋನ್ ಮಾಡಿ ಹೇಳಿದ್ದರು. ಸುಶೀಲಾ ಆಂಟಿ ಒಪ್ಪಿ ಬೆಳ್ಳಿ ಗಣಪನನ್ನೇ ತಂದಿದ್ದರು. ಎಲ್ಲರ ಬೂಟು, ಚೀಲ, ಮಕ್ಕಳ ನೀರಿನ ಬಾಟಲಿಯವರೆಗೆ ತಪಾಸಣೆ ಆಯಿತು. ಉಳಿದದ್ದು ಈ ಬುಟ್ಟಿ. ತಳದಲ್ಲಿ ಬಾಳೆ ಎಲೆ, ತೆಂಗಿನಕಾಯಿ, ಮೇಲೆ ಕಡುಬಿನ ಡಬ್ಬಿ, ಸುತ್ತ ಹೊಸ ಖಣದ ಗಂಟು. ಆಂಟಿಯ ಮನೆಯ ಗರಾಜಿನಲ್ಲಿ ಒಂದು ರಾತ್ರಿ ಕಳೆದ ಬುಟ್ಟಿ.

ನೀಲವ್ವ ಗಂಟಿಗೆ ಕೈಯಿಟ್ಟರು. ಆಂಟಿ ಕೈ ಹಿಡಿದರು. "ಅಯ್ಯೋ, ಅದು ನೈವೇದ್ಯ ಕಣಮ್ಮ! ಇನ್ನೂ ದೇವರಿಗೆ ತೋರಿಸಿಲ್ಲ. ಮಡಿಯಲ್ಲಿ ಮಾಡಿದ್ದೀನಿ, ಮುಟ್ಟಬೇಡ."

ದೋಣಿಯವನು ಹಾರ್ನ್ ಹೊಡೆಯುತ್ತಿದ್ದ. ನೀಲವ್ವ ಕೈ ಹಿಂದೆ ತೆಗೆದುಕೊಂಡರು. ಇಡೀ ಪೆಸಿಫಿಕ್ ಸಾಗರದಲ್ಲಿ ಅಷ್ಟು ದುಬಾರಿಯಾದ ವಿನಯ ಇನ್ನೊಂದಿರಲಾರದು.

ಸಂಜೆ ದೋಣಿ ಮರಳಿದಾಗ ಮಂದಿಯೆಲ್ಲ ಖುಷಿಯಲ್ಲಿ ತೇಲುತ್ತಿದ್ದರು. "ನೀಲವ್ವ, ಪವಾಡ ಗೊತ್ತಾ?" ಎಂದು ಒಬ್ಬರು ಕೂಗಿದರು. ಖಣ ಬಿಚ್ಚಿದ ಕೂಡಲೇ ಬಾಳೆ ಎಲೆಯಡಿಯಿಂದ ಇಲಿಯೊಂದು ಚಂಗನೆ ಹಾರಿ ಪೊದೆ ಸೇರಿತಂತೆ. ಗಣಪ ಗಾಡಿ ಸಮೇತ ಬಂದ ಎಂದು ಗಂಡಸರು ನಕ್ಕರಂತೆ. ನಾಲ್ಕು ಜನ ಕೈ ಮುಗಿದರಂತೆ.

"ಅವರು ನಗಾಕತ್ತಿದ್ರು," ಎನ್ನುತ್ತಾರೆ ನೀಲವ್ವ. "ನಾ ಅಲ್ಲೇ ಕುಂತು ಹೇಮಿಗೆ ಫೋನ್ ಹಚ್ಚಿದೆ."

ಹೇಮಿ ನಡುಗಡ್ಡೆಯ ಕಾವಲಿನವನು, ಇಲ್ಲಿನ ಮೂಲನಿವಾಸಿ ಮಾವೊರಿಗಳ ಹಿರಿಯ. ಆ ರಾತ್ರಿಯೇ ಬೋನು ಹೊತ್ತು ಹೊರಟ. ಇಲಿ ಸಿಗಲಿಲ್ಲ. ಇಲಿಯ ಸುಳಿವಿಗೆಂದು ಅಲ್ಲಲ್ಲಿ ಇಟ್ಟ ಮಸಿ ಬಳಿದ ಕಾಗದಗಳ ಮೇಲೆ ಪುಟ್ಟ ಪುಟ್ಟ ಹೆಜ್ಜೆ ಮೂಡತೊಡಗಿದವು. "ಆಂಟಿ ಮನ್ಯಾಗ ಅಷ್ಟಮಿಗೆ ಕೃಷ್ಣನ ಹೆಜ್ಜಿ ಬರೀತಾರಲ್ರಿ, ಥೇಟ್ ಹಂಗ. ನೋಡಿ ಹೊಟ್ಯಾಗ ಬೆಂಕಿ ಬಿತ್ತು."

ಬೆಂಕಿ ನಡುಗಡ್ಡೆಗೂ ಬಿತ್ತು. ಅಲ್ಲೊಂದು ಹಕ್ಕಿಯಿದೆ, ಮಾವೊರಿಯಲ್ಲಿ ಟಿಯೆಕೆ. ಮೈಯೆಲ್ಲ ಕಪ್ಪು, ಬೆನ್ನಿಗೆ ಕಾವಿ ಶಾಲು. ನೀಲವ್ವನ ಬಾಯಲ್ಲಿ ಅದು 'ಸ್ವಾಮಿ ಹಕ್ಕಿ'. ಕೆಳಗಿನ ಪೊಟರೆಯಲ್ಲಿ ಗೂಡು, ನೆಲದಲ್ಲೇ ಮರಿಗಳ ಓಡಾಟ. ಮೊದಲೆಲ್ಲ ಅದರ ಕೂಗಿಗೆ ದಂಡೆಯ ಬಂಡೆಗಳೂ ಕಿವಿ ಮುಚ್ಚಿಕೊಳ್ಳುತ್ತಿದ್ದವು. ಬೇಸಿಗೆ ಮುಗಿಯುವಷ್ಟರಲ್ಲಿ ದೋಣಿ ಇಳಿಯುವ ಕಡೆಯ ಕಾಡು ಮೂಕವಾಯಿತು. ಗೂಡುಗಳಲ್ಲಿ ಚಿಪ್ಪಿನ ಚೂರು ಮಾತ್ರ.

ಪ್ರವಾಸ ನಿಂತಿತು. ತಪ್ಪು ಯಾರದೆಂದು ಪ್ರವಾಸದ ಕಂಪನಿಯವರು ಕೇಳಿದರು. "ನಾ ಬುಟ್ಟಿ ಬಿಚ್ಚಲಿಲ್ಲ," ಎಂದಷ್ಟೇ ಹೇಳಿದರು ನೀಲವ್ವ. ಯಾರು ಬೇಡವೆಂದರು ಎನ್ನುವುದನ್ನು ಹೇಳಲಿಲ್ಲ. ಕೆಲಸದಿಂದ ತೆಗೆಯುವ ಮಾತು ಬಂದಾಗ, ತೆಗೆಯುವುದಾದರೆ ಇಲಿ ಸಿಕ್ಕ ಮೇಲೆ ತೆಗೆಯಿರಿ ಎಂದು ಬೋನಿನ ಕೆಲಸ ಕೇಳಿ ಪಡೆದರು.

"ಸಕ್ಕರಿಗೆ ಇರುವಿ ಹತ್ತಿದ್ರ ಊದಿ ಕಳಸಾಕಿ ಇಕಿ," ಎನ್ನುತ್ತಾರೆ ಮನೋಹರ. ದಿನಾ ಕತ್ತಲಲ್ಲೇ ಹೆಂಡತಿಯನ್ನು ಕಾರಿನಲ್ಲಿ ತಂದುಬಿಡುವವರು ಅವರೇ. "ಈಗ ನೋಡ್ರಿ, ನಿದ್ದ್ಯಾಗೂ ಬೋನಿಗೆ ಶೇಂಗಾದ ಬೆಣ್ಣಿ ಹಚ್ಚತಾಳ. ನನ್ನ ಮೂಗಿಗೆ ಹಚ್ಚಲಿಲ್ಲ ಅನ್ನೂದೇ ಪುಣ್ಯ."

"ನಿಮ್ಮ ಮೂಗಿಗೆ ಯಾವ ಇಲಿ ಬರತೈತ್ರೀ?" ನೀಲವ್ವ ತಿವಿಯುತ್ತಾರೆ. ನಗುವುದಿಲ್ಲ.

ದೋಣಿ ಹೊರಡುತ್ತದೆ. ಇಷ್ಟು ವರ್ಷವಾದರೂ ಕಡಲಿಗೂ ನೀಲವ್ವನ ಹೊಟ್ಟೆಗೂ ರಾಜಿಯಾಗಿಲ್ಲ. ದಂಡೆಗಿಳಿದವರೇ ಬಾಯಿ ತೊಳೆದುಕೊಂಡು, ಇಬ್ಬನಿ ಹೆಪ್ಪುಗಟ್ಟಿದ ಏರು ಹತ್ತಿ, ಬೋನಿಟ್ಟ ಒಂದೊಂದೇ ಮರದ ಪೆಟ್ಟಿಗೆಯ ಮುಂದೆ ಮಂಡಿಯೂರುತ್ತಾರೆ. ಖಾಲಿ. ಖಾಲಿ. ಮತ್ತೆ ಖಾಲಿ. ಮುಂದಿನ ತಿಂಗಳು ಚೌತಿ, ಅಂದರೆ ಹಕ್ಕಿಗಳು ಮತ್ತೆ ಗೂಡಿಗೆ ಕೂರುವ ಹೊತ್ತು. ಅಷ್ಟರೊಳಗೆ ಇಲಿ ಸಿಗದಿದ್ದರೆ ಉಳಿದ ಸ್ವಾಮಿ ಹಕ್ಕಿಗಳನ್ನು ಹಿಡಿದು ಬೇರೆಡೆಗೆ ಸಾಗಿಸುತ್ತಾರೆ. ಆಮೇಲೆ ಇದು ಬರೀ ಕಲ್ಲು, ಪೊದೆ.

ತೊರೆಯ ಪಕ್ಕದ ಪೆಟ್ಟಿಗೆಯ ಮುಂದೆ ನೀಲವ್ವ ತಟ್ಟನೆ ನಿಲ್ಲುತ್ತಾರೆ. ಬೋನು ಮುಚ್ಚಿದೆ. ಹೊರಗೆ ಬಾಲ ಕಾಣುತ್ತಿದೆ.

ಹಿಂದಿನಿಂದ ಬಂದ ಹೇಮಿ ಇಂಗ್ಲಿಷಿನಲ್ಲಿ ಕೂಗುತ್ತಾನೆ: "ನೀಲಾ! ಹಿಡಿದೇಬಿಟ್ಟೆ!" ಅವನ ಕೂಗು ನೂರಾರು ಮೈಲಿ ದೂರದ ಅಪ್ಪರ್ ಹಟ್‌ವರೆಗೂ ಕೇಳಿಸಿರಬೇಕು.

ನೀಲವ್ವ ಮುಚ್ಚಳ ತೆಗೆದು ಸತ್ತ ಇಲಿಯನ್ನು ಅಂಗೈಗೆ ಹಾಕಿಕೊಳ್ಳುತ್ತಾರೆ. ಒಡೆದ ಅಂಗೈಯ ಅರ್ಧವನ್ನೂ ಅದು ತುಂಬುವುದಿಲ್ಲ. ಮೈಕೂದಲು ಇನ್ನೂ ಎಳೆಯದು.

"ಇದು ಮರಿ, ಹೇಮಿ," ಎನ್ನುತ್ತಾರೆ. "ಇಲ್ಲೇ ಹುಟ್ಟಿದ್ದು."

ಹೇಮಿ ಟೋಪಿ ತೆಗೆದು ಕಲ್ಲಿನ ಮೇಲೆ ಕೂರುತ್ತಾನೆ. ಬುಟ್ಟಿಯಲ್ಲಿ ಬಂದದ್ದು ಒಂದೇ ಜೀವವಾಗಿರಲಿಲ್ಲ, ಅದರ ಹೊಟ್ಟೆಯಲ್ಲೊಂದು ಸಂಸಾರವಿತ್ತು. ಆ ಮರಿಗಳು ಬೆಳೆದು ಈಗ ತಾವೇ ಮರಿ ಹಾಕಿವೆ; ಇದರ ತಾಯಿ ಎಲ್ಲೋ ಇದೆ, ಉಳಿದ ಮರಿಗಳೂ. ಆ ಕಾಡಿನಲ್ಲಿ ಕೂಗುವ ಹಕ್ಕಿಯೂ ಇಲ್ಲ.

ಸ್ವಲ್ಪ ಹೊತ್ತಿಗೆ ಹೇಮಿ ಆಂಟಿಯ ಬುಟ್ಟಿ ತೆರೆದು ಚಪಾತಿ ಚಾಚುತ್ತಾನೆ. ನೀಲವ್ವ ಕೈ ತೊಳೆದು ಅದನ್ನು ತಗೊಳ್ಳುತ್ತಾರೆ. ಚಪಾತಿ ತಿನ್ನುತ್ತಾರೆ, ಚಿತ್ರಾನ್ನವೂ ನಡೆಯುತ್ತದೆ. ಕಳೆದ ಚೌತಿಯ ದಿನ ಪ್ರಸಾದವೆಂದು ಕೈಗಿಟ್ಟ ಕಡುಬು ಮಾತ್ರ ಅವತ್ತು ಬಾಯಿಗೆ ಹೋಗಲಿಲ್ಲ, ಆಮೇಲೆ ಯಾರ ಮನೆಯ ಕಡುಬನ್ನೂ ಅವರು ಮುಟ್ಟಿಲ್ಲ.

ಏನು ಆಸೆ ಎಂದು ಕೇಳಿದರೆ ಬೋನಿಗೆ ಬೆಣ್ಣೆ ಸವರುತ್ತಲೇ ಹೇಳುತ್ತಾರೆ: "ಯಾವುದಾದ್ರೂ ಒಂದು ಚೌತಿಗೆ, ಈ ಕಲ್ಲಿನ ಮ್ಯಾಲ ಕುಂತು, ಸ್ವಾಮಿ ಹಕ್ಕಿ ಕೂಗೂದು ಕೇಳಕೋತ ಒಂದು ಕಡುಬು ತಿನ್ನಬೇಕ್ರಿ. ನಾನೇ ಬಿಚ್ಚಿ ನೋಡಿದ ಬುಟ್ಟೀದು."