ಇಸ್ರಾರಣ್ಣನ ಸಿಡಿ ಚೀಲ, ತೊಂಬತ್ತೊಂದು ಡಿಗ್ರಿ

ಚನ್ನಪಟ್ಟಣದ ಇಸ್ರಾರಣ್ಣ ಕಂಪ್ಯೂಟರ್ ರಿಪೇರಿಗೆ ಬಂದರೆ ಮೊದಲು ಸ್ಕ್ರೂಡ್ರೈವರ್ ತೆಗೆಯುವುದಿಲ್ಲ, ಸಿಡಿ ಚೀಲ ತೆಗೆಯುತ್ತಾನೆ. ಕಂಪ್ಯೂಟರ್ ಪತ್ರಿಕೆಗಳ ಜೊತೆ ಪುಕ್ಕಟೆ ಬರುವ ಸಿಡಿಗಳಿಂದ ಆರಿಸಿಟ್ಟ ಸಾಫ್ಟ್‌ವೇರ್‌ಗಳೆಲ್ಲ ಅದರಲ್ಲಿವೆ. ಒಂದು ಮೆಮೊರಿ ನೋಡುತ್ತದೆ, ಒಂದು ಹಾರ್ಡ್ ಡಿಸ್ಕ್ ತಡವುತ್ತದೆ, ಒಂದು ವೈರಸ್ ಹಿಡಿಯುತ್ತದೆ, ಇನ್ನೊಂದು ಒಳಗಿನ ಬಿಸಿ ಅಳೆಯುತ್ತದೆ. ನಮ್ಮ ಕಡೆ ಇಂಥವನು ಇನ್ನೊಬ್ಬನಿಲ್ಲ ಅಂತ ನಾನು ಯಾರ ಜೊತೆ ಬೇಕಾದರೂ ವಾದಕ್ಕೆ ನಿಲ್ಲುತ್ತೇನೆ.

ಅವನ ಮನೆಯವರು ರೇಷ್ಮೆ ನೂಲು ತೆಗೆಯುವವರು. ಮಾರ್ಕೆಟ್ಟಿನಲ್ಲಿ ಗೂಡು ಕೊಳ್ಳುವಾಗ ಮೇಲಿನ ಹಿಡಿಯನ್ನು ಯಾರೂ ನಂಬುವುದಿಲ್ಲ, ತಳಕ್ಕೆ ಕೈ ಹಾಕಿ ತೆಗೆದು ನೋಡುತ್ತಾರೆ. ಇಸ್ರಾರಣ್ಣನಿಗೆ ಸಾಫ್ಟ್‌ವೇರ್ ಮೇಲೂ ಅದೇ ಅನುಮಾನ. ಹೊಸದು ಯಾವುದು ಸಿಕ್ಕರೂ ಮೊದಲು ಏನೂ ಕೆಡದೆ ಕಲ್ಲುಗುಂಡಿನಂತಿರುವ ತನ್ನ ಕಂಪ್ಯೂಟರಿಗೇ ಹಾಕುತ್ತಾನೆ. ಅಂಥ ಕಂಪ್ಯೂಟರಿನಲ್ಲೂ ಮುನ್ನೂರು ತಪ್ಪಿದೆ, ದುಡ್ಡು ಕಟ್ಟಿದರೆ ಸರಿಮಾಡುತ್ತೇನೆ ಅಂತ ಆ ಸಾಫ್ಟ್‌ವೇರ್ ಹೇಳಿದರೆ, ಸಿಡಿ ಸೀದಾ ಅವರ ಸೀಬೆ ಮರಕ್ಕೆ, ಗಿಳಿ ಓಡಿಸಲು. ಹೋದ ವರ್ಷ, ಅಂದರೆ ಎರಡು ಸಾವಿರದ ಆರರಲ್ಲಿ, ಆ ಮರದಲ್ಲಿ ಕಾಯಿಗಿಂತ ಸಿಡಿಯೇ ಜಾಸ್ತಿ.

ಆಗಲೇ ಒಂದು ಶನಿವಾರ ಅವನನ್ನು ವಿರೂಪಾಕ್ಷಿಪುರದ ನಮ್ಮ ಮನೆಗೆ ಕರೆಸಿದೆವು. ನನ್ನಕ್ಕ ಲತಾಮಣಿ ಬಿ.ಎಡ್. ಓದುತ್ತಿದ್ದಳು. ಸೋಮವಾರ ರಿಪೋರ್ಟ್ ಕೊಡದಿದ್ದರೆ ಪರೀಕ್ಷೆಗೆ ಕೂರಿಸುವುದಿಲ್ಲ ಅಂದಿದ್ದರು. ಎರಡು ಅಧ್ಯಾಯ ಟೈಪ್ ಮಾಡುವುದು ಬಾಕಿ. ಕಂಪ್ಯೂಟರ್ ನೋಡಿದರೆ ಹತ್ತು ನಿಮಿಷ ಓಡಿ ಪಟ್ ಅಂತ ಆರುತ್ತಿತ್ತು, ಆಮೇಲೆ ಅರ್ಧ ಗಂಟೆ ಏಳುತ್ತಲೇ ಇರಲಿಲ್ಲ.

ಇಸ್ರಾರಣ್ಣ ಬಂದವನೇ ಬಿಸಿ ಅಳೆಯುವ ಸಾಫ್ಟ್‌ವೇರ್ ಹಾಕಿದ. ತೊಂಬತ್ತೊಂದು ಡಿಗ್ರಿ, ಅದೂ ಕೆಂಪು ಅಕ್ಷರದಲ್ಲಿ.

“ಇದೇನ್ ಇಸ್ರಾರ್, ಕೆಂಪಗೈತೆ?” ಅಂದಳು ಅಕ್ಕ.

“ತೊಂಬತ್ತೊಂದು ಏನ್ ಮಹಾ ಅಕ್ಕಾ? ನಮ್ಮನೇಲಿ ಗೂಡು ಬೇಯ್ಸೋ ನೀರು ದಿನಾ ಅಷ್ಟೇ ಇರ್ತೈತೆ. ನಮ್ಮಮ್ಮಿ ಅದ್ರೊಳಗೇ ಬೆರಳಾಕಿ ಎಳೆ ಹಿಡೀತಾರೆ. ಇದು ವೈರಸ್ಸೇ!”

ವೈರಸ್ ಹಿಡಿಯುವುದನ್ನು ಹಾಕಿದ. ಆರಿತು. ಅರ್ಧ ಗಂಟೆ ಕಾಫಿ. ಮೆಮೊರಿಯದು ಹಾಕಿದ. ಆರಿತು. ಮತ್ತರ್ಧ ಗಂಟೆ ಕಡಲೆಪುರಿ. ಹಾರ್ಡ್ ಡಿಸ್ಕಿನದೂ ಅರ್ಧಕ್ಕೇ ನಿಂತಾಗ ಅಜ್ಜಿ ದೊಡ್ಡಲಕ್ಷ್ಮಮ್ಮ ಎದ್ದು ಬಂದಳು.

“ಏನ್ ಮಗಾ, ಬಂದಾಗ್ಲಿಂದ ಅದ್ರ ಬಾಯಿಗೆ ತಟ್ಟೆ ತುರುಕ್ತಾನೇ ಇದ್ದೀಯಲ್ಲ.”

“ಯಾವ್ದು ಸರಿ ಅಂತ ಆರಿಸ್ತಾ ಇವ್ನಿ ಅಜ್ಜಿ.”

“ನಮ್ ಯಜಮಾನ್ರು ನನ್ನ ನೋಡಕ್ ಬಂದಾಗ್ಲೂ ಇಷ್ಟೊತ್ತು ತಗಳ್ನಿಲ್ಲ ಕಣಪ್ಪಾ!”

ನಾನು ನಕ್ಕೆ. ಅಕ್ಕ ನಗಲಿಲ್ಲ. “ಸೋಮ್ವಾರ ತಪ್ಪುದ್ರೆ ನಂದು ಒಂದು ವರ್ಸ ಹೋಯ್ತು,” ಅಂದವಳು ಇಸ್ರಾರಣ್ಣನ ಕಡೆ ತಿರುಗಿ ಕೇಳಿದಳು: “ಅಲ್ಲಾ, ಆ ಗೂಡು ಬೇಯ್ಸೋ ನೀರು ಅಷ್ಟು ಬಿಸಿ ಯಾಕ್ ಮಡಗ್ತೀರಿ?”

“ಗೂಡಿನ ಅಂಟು ಕರಗ್ಲಿ ಅಂತ.”

“ಹಂಗಾರೆ ಇದ್ರೊಳಗೆ ಏನು ಕರಗ್ಬೇಕು?”

ಇಸ್ರಾರಣ್ಣ ಸಿಡಿ ಚೀಲ ಪಕ್ಕಕ್ಕಿಟ್ಟು ಸ್ಕ್ರೂಡ್ರೈವರ್ ತೆಗೆದ. ಅಷ್ಟು ಸಿಡಿಯಲ್ಲಿ ಸರಿಯಾದುದನ್ನೇ, ಬಿಸಿ ಅಳೆಯುವುದನ್ನೇ, ಮೊದಲು ಆರಿಸಿದ್ದ ಪುಣ್ಯಾತ್ಮ. ಅದು ಹೇಳಿದ್ದನ್ನು ಕೇಳಿರಲಿಲ್ಲ, ಅಷ್ಟೇ.

ಸ್ಕ್ರೂ ಬಿಚ್ಚಿದ. ಒಳಗೆ ಫ್ಯಾನ್ ತಿರುಗುತ್ತಲೇ ಇರಲಿಲ್ಲ. ನಮ್ಮದು ರೇಷ್ಮೆ ಹುಳ ಸಾಕುವ ಮನೆ. ಹಿಂದಿನ ವಾರ, ಗೂಡು ಕಟ್ಟುವಷ್ಟು ಹಣ್ಣಾದ ಹುಳ ಬಿಟ್ಟಿದ್ದ ಬಿದಿರಿನ ಚಂದ್ರಿಕೆಯನ್ನು ನಾವು ಕಂಪ್ಯೂಟರಿಗೇ ಒರಗಿಸಿದ್ದೆವು. ಅದರಿಂದ ತಪ್ಪಿಸಿಕೊಂಡ ಒಂದು ಹುಳ ಫ್ಯಾನಿನ ರೆಕ್ಕೆ ಸಂದಿಯಲ್ಲಿ ನೆಮ್ಮದಿಯಾಗಿ ಗೂಡು ಕಟ್ಟಿಕೊಂಡಿತ್ತು! ಇಸ್ರಾರಣ್ಣ ಅದನ್ನು ಕಿತ್ತು, ಅಭ್ಯಾಸಬಲದಿಂದ ಒಳಗಿನ ಹುಳದ ಸದ್ದು ಕೇಳಲು ಕಿವಿ ಹತ್ತಿರ ಅಲ್ಲಾಡಿಸಿದ.

“ಒಳ್ಳೆ ಮಾಲು ಅಜ್ಜಿ.”

“ಗೂಡು ನೋಡಕ್ಕಾದ್ರೂ ಬತ್ತದಲ್ಲ ನಿಂಗೆ, ಬುಡು.”

ಅಂಟಿದ ನಾರನ್ನೆಲ್ಲ ಬಿಡಿಸಿ, ಊದಿ, ಸ್ವಿಚ್ ಹಾಕಿದ. ಫ್ಯಾನ್ ಗಿರ್ರನೆ ತಿರುಗಿತು, ಬಿಸಿ ಐವತ್ತಕ್ಕಿಳಿಯಿತು. “ಇನ್ನೊಂದು ಸಾಫ್ಟ್‌ವೇರ್ ಐತೆ, ಅದ್ನೂ ಒಸಿ ಹಾಕಿ ನೋಡ್ಬುಡ್ತೀನಿ,” ಅಂತ ಅವನು ಚೀಲಕ್ಕೆ ಕೈ ಹಾಕುವಷ್ಟರಲ್ಲಿ ಅಕ್ಕ ಕುರ್ಚಿಯಲ್ಲಿ ಕೂತಾಗಿತ್ತು.

“ಮುಟ್ಟುದ್ರೆ ಕೈ ಮುರೀತೀನಿ.”

ಹತ್ತು ನಿಮಿಷ ಕಳೆಯಿತು. ಆರಲಿಲ್ಲ. ಇಪ್ಪತ್ತಾಯಿತು. ಅಕ್ಕನ ಬೆರಳು ನಿಲ್ಲಲಿಲ್ಲ. ಇಸ್ರಾರಣ್ಣ ಸಿಡಿ ಹಿಡಿದುಕೊಂಡು ಪಕ್ಕದಲ್ಲೇ ಒಂದು ಗಂಟೆ ನಿಂತಿದ್ದ, ಅಕ್ಕ ಎದ್ದರೆ ಹಾಕೋಣ ಅಂತ. ಅವಳು ಎದ್ದದ್ದು ಭಾನುವಾರ, ಎರಡನೇ ಅಧ್ಯಾಯ ಮುಗಿದ ಮೇಲೆ.