ಬೇವು, ಹುಚ್ಚುಬೇವು ಮತ್ತು ಅಪ್ಪನ ಹಗಲು ನಿದ್ದೆ

ಮರ ನೆಡುವುದು ಮುಂದಿನ ಪೀಳಿಗೆಗಾಗಿ ಮಾಡುವ ನಿಸ್ವಾರ್ಥ ಕಾರ್ಯ. ನಮ್ಮ ಅಪ್ಪ ಮರ ನೆಡಿಸಿದ್ದು ತಾನು ಮಲಗಲಿಕ್ಕೆ.

ಅರವತ್ತರ ದಶಕದ ಆರಂಭದ ಮಾತು. ಇಚಲಕರಂಜಿಯ ಮಗ್ಗದ ಕಾರ್ಖಾನೆಯಲ್ಲಿ ಅಪ್ಪನಿಗೆ ರಾತ್ರಿ ಪಾಳಿ. ಹಗಲು ನಮ್ಮ ತಗಡಿನ ಮನೆಯಲ್ಲಿ ರೊಟ್ಟಿ ಬೇಯುವಷ್ಟು ಕಾವು. ನಿದ್ದೆಗೆಟ್ಟ ಕಣ್ಣಿಗೆ ಮಗ್ಗದಲ್ಲಿ ಹರಿದ ಎಳೆ ಕಾಣದು. ಬಟ್ಟೆ ಕೆಟ್ಟರೆ ಕೆಲಸ ಹೋದಂತೆ. ಅಂಗಳಕ್ಕೆ ನೆರಳು ಬೇಕೇ ಬೇಕಿತ್ತು.

ಅವ್ವನ ಅಣ್ಣ ಗಡಹಿಂಗ್ಲಜದಿಂದ ಬೇವಿನ ಸಸಿ ತಂದ. ಪಕ್ಕದ ಮನೆಯ ಮರಾಠಿ ಕಾಕಾ ಕೊಲ್ಹಾಪುರದಿಂದ, ಬೇವಿನಂತೆಯೇ ಕಾಣುವ ಹುಚ್ಚುಬೇವಿನ ಸಸಿ ತಂದುಕೊಟ್ಟ. ಕೇಳದೇ ಕೊಟ್ಟದ್ದು ಅಪ್ಪನಿಗೆ ಸರಿಬರಲಿಲ್ಲ.

“ಪುಕ್ಕಟ ಯಾಕ ಕೊಡ್ತಾನ? ಏನರ ಇರಬೇಕ ಇದರೊಳಗ.”

“ನೆರಳ ಇರ್ತೈತ್ರಿ, ಮತ್ತೇನಿರ್ತೈತಿ,” ಎಂದಳು ಅವ್ವ. ಎರಡನ್ನೂ ಅಂಗಳದ ಎರಡು ತುದಿಗೆ ನೆಟ್ಟಳು.

ಮಳೆಗಾಲ ಕಳೆಯುವಷ್ಟರಲ್ಲಿ ಹುಚ್ಚುಬೇವು ತಗಡು ಮುಟ್ಟಿತು. ಬೇವು ಮೊಳಕಾಲೆತ್ತರದಲ್ಲೇ ನಿಂತಿತ್ತು. ಅಪ್ಪನ ಅನುಮಾನ ಅಂಗಳ ದಾಟಿ ಆ ತುದಿಯ ಬೇವಿನ ಮೇಲೆ ಹೋಯಿತು.

“ನಿಮ್ಮಣ್ಣ ಕೊಟ್ಟದ್ದು ಬೇವಽ ಅಲ್ಲ. ಕಾಗಲ ರಸ್ತೆದಾಗ ಕಿತ್ಕೊಂಡ ಬಂದಾನ.”

“ನಮ್ಮ ಹೊಲದ್ದ ಐತ್ರಿ ಅದು! ತಿಂದರ ನೋಡ್ರಿ.”

ಅಲ್ಲಿಂದ ವಿಚಾರಣೆ ಆರಂಭವಾಯಿತು. ಬೇವು ನಿಧಾನ ಬೆಳೆದು ಗಟ್ಟಿಯಾಗಿ ಬಾಳುತ್ತದೆ. ಹುಚ್ಚುಬೇವು ಬೇಗ ಬೆಳೆದು ಗಾಳಿಗೆ ಕೊಂಬೆ ಮುರಿದುಕೊಳ್ಳುತ್ತದೆ, ಚಳಿಗಾಲದಲ್ಲಿ ಬೋಳಾಗುತ್ತದೆ. ಬೇವಿನ ಎಲೆಗಡ್ಡಿ ನೇರ, ಹುಚ್ಚುಬೇವಿನದು ಕವಲೊಡೆದದ್ದು. ಕಣ್ಣು ತೆರೆದು ನೋಡಿದ್ದರೆ ತೀರುತ್ತಿತ್ತು. ಆದರೆ ಬೇವೆಂದರೆ ಕಹಿ, ಯುಗಾದಿಗೆ ತಿನ್ನುವ ವಸ್ತು. ನಮ್ಮವರಲ್ಲಿ ಅದರ ತೀರ್ಪು ನಾಲಿಗೆಯದೇ.

ಅಪ್ಪ ದಿನಾ ಪಾಳಿ ಮುಗಿಸಿ ಬಂದು ಬೇವಿನ ಒಂದು ಎಲೆ ಅಗಿದು, ಕಣ್ಣು ಮುಚ್ಚಿ, ಉಗುಳಿ ಹೇಳುತ್ತಿದ್ದ: “ಕಹಿ ಐತಿ. ಆದರ ಖರೇ ಕಹಿ ಅಲ್ಲ.”

ಜೊತೆಗೆ ಬಂದ ಮಗ್ಗದವರೂ ಒಂದೊಂದು ಎಲೆ ಅಗಿದರು. “ನಮ್ಮೂರಾಗ ಇದಕಿಂತ ಭಾಳ ಕಹಿ ಇರ್ತೈತಿ ಬಿಡೋ,” ಎಂದ ಒಬ್ಬ. ಇನ್ನೊಬ್ಬ ಖಾತ್ರಿಯಾಗದೆ ಮತ್ತೆ ಎರಡು ಕಿತ್ತ. ಹುಚ್ಚುಬೇವನ್ನು ಯಾರೂ ಮುಟ್ಟಲಿಲ್ಲ. ಹೆಸರಲ್ಲೇ ತಪ್ಪೊಪ್ಪಿಕೊಂಡದ್ದನ್ನು ಪರೀಕ್ಷಿಸುವುದೇನು?

“ಎಲಿ ಉಳಿಸ್ರೋ ಯಪ್ಪಾ, ಅದೂ ಉಸಿರಾಡಬೇಕು,” ಎಂದು ಅವ್ವ ಒಳಗಿನಿಂದ ಕೂಗುತ್ತಿದ್ದಳು. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಬೇವು ಯುಗಾದಿಗಿಂತ ಮೊದಲೇ ಒಣಗಿತು. ಮರುವರ್ಷದ ಬೇಸಿಗೆಯಿಂದ ಅಪ್ಪ ಹುಚ್ಚುಬೇವಿನ ಕೆಳಗೆ ಹೊರಸು ಹಾಕಿ ಮಲಗತೊಡಗಿದ.