ಖಾಲಿ ಜಾಗದ ಗೌರಮ್ಮ

ಗೌರಮ್ಮನ ಬಗ್ಗೆ ಬರೆಯುವ ಯೋಗ್ಯತೆ ನನಗಿಲ್ಲ. ಆದರೂ ಬರೆಯುತ್ತಿದ್ದೇನೆ, ಏಕೆಂದರೆ ಅವರ ವಿಷಯದಲ್ಲಿ ನಾನು ಬರೆದ ಮೊದಲ ಕಾಗದ ಸುಳ್ಳಾಗಿತ್ತು.

ಅವರಿಗೆ ಅರವತ್ತೆಂಟು. ಹದಿನೇಳಕ್ಕೆ ಮದುವೆಯಾಗಿ ಚಿಕ್ಕಲಸಂದ್ರಕ್ಕೆ ಬಂದಾಗ ಈಗಿನ ನಮ್ಮ ಲೇಔಟ್ ಪೂರ್ತಿ ರಾಗಿ ಹೊಲ. ಅದರಲ್ಲಿ ಎರಡೆಕರೆ ಅವರ ಮನೆಯದು. ಹೊಲ ಸೈಟುಗಳಾಯಿತು, ಗಂಡ ತಿಮ್ಮರಾಯಪ್ಪ ಬಂದ ದುಡ್ಡಿನಲ್ಲಿ ಹಳೇ ಊರಿನೊಳಗೆ ಮೂರಂತಸ್ತು ಕಟ್ಟಿಸಿ, ಎರಡು ಮಹಡಿ ಬಾಡಿಗೆಗೆ ಕೊಟ್ಟು, ಕೆಲವು ವರ್ಷಕ್ಕೆ ತೀರಿಕೊಂಡರು. ಮಗ ರವಿಕಿರಣ್ ಹಾರ್ಡ್‌ವೇರ್ ಅಂಗಡಿ ಇಟ್ಟಿದ್ದಾನೆ. ಹಾಗಾಗಿ ಅಯ್ಯೋ ಪಾಪ ಎಂದು ಯಾರೂ ಮರುಗಬೇಕಾಗಿಲ್ಲ. ನಾನು ಪಿಂಚಣಿಯಲ್ಲಿ ಬದುಕುವವಳು, ಅವರು ಮನೆ ಒಡತಿ.

ಆದರೂ ದಿನಾ ಬೆಳಗ್ಗೆ ಆರಕ್ಕೆ ಅವರು ನಮ್ಮ ರಸ್ತೆಯ ಮೂಲೆಯಲ್ಲಿ ಹಾಜರು. ಅದು ಪಾರ್ಕಿಗೆಂದು ಬಿಟ್ಟು, ಹನ್ನೊಂದು ವರ್ಷವಾದರೂ ಪಾರ್ಕಾಗದ ಜಾಗ. ಜನ ಅಲ್ಲಿ ಮನೆ ಕೆಡವಿದ ಕಲ್ಲುಮಣ್ಣು ಸುರಿದಿದ್ದರು. ಗೌರಮ್ಮ ಅದರಲ್ಲಿದ್ದ ಗಾಜಿನ ಚೂರುಗಳನ್ನು ಆರಿಸಿ ತೆಗೆಯುವುದಕ್ಕೇ ಒಂದು ವರ್ಷ ತೆಗೆದುಕೊಂಡರು. ಆಮೇಲೆ ದಂಟು, ಮೆಂತ್ಯ, ಬೇಲಿಗೆ ಅವರೆ ಬಳ್ಳಿ. ಎರಡು ರಸ್ತೆಯಾಚೆಯ ತಮ್ಮ ಮನೆಯಿಂದ ಬಿಂದಿಗೆಯಲ್ಲಿ ನೀರು ಹೊರುತ್ತಿದ್ದರು. ಮಗ ಬೈದು ಬೈದು ಸಾಕಾಗಿ ಸುಮ್ಮನಾದ.

ಒಂದು ಬದಿಯನ್ನು ಅವರು ಏನೂ ಬಿತ್ತದೆ ಬಿಟ್ಟಿದ್ದರು. ಮಳೆ ಬಿದ್ದರೆ ಅಲ್ಲಿ ಅಣ್ಣೆ, ಗಣಿಕೆ, ಗೋಣಿ ಸೊಪ್ಪುಗಳೆಲ್ಲ ತಾವೇ ಏಳುತ್ತಿದ್ದವು. ಎಲ್ಲ ಸೇರಿಸಿ ಬಿಡಿಸಿಕೊಂಡರೆ ಅದೇ ಬೆರಕೆ ಸೊಪ್ಪು. ಅದನ್ನು ಬೆಳೆಯಬೇಕಾಗಿಲ್ಲ, ಯಾವುದನ್ನು ಕೀಳಬಾರದು ಅಂತ ಗೊತ್ತಿದ್ದರೆ ಸಾಕು. ಬಸವನಗುಡಿಯಲ್ಲಿ ಬೆಳೆದ ನನಗೆ ಅದೆಲ್ಲ ಬರೀ ಹುಲ್ಲು. ಹಿತ್ತಲ ಗಿಡ ಮದ್ದಲ್ಲ ಅಂತಾರೆ; ನಮಗೆ ಅದು ಗಿಡ ಅಂತಲೂ ಅನಿಸಿರಲಿಲ್ಲ. ಅವರೇ ಗೇಟಿನ ಹತ್ತಿರ ಬಂದು ಒಂದು ಹಿಡಿ ಕೊಟ್ಟು, ಸೊಪ್ಪು ಬೇಯಿಸಿ ಬಸಿದ ನೀರಿನಲ್ಲಿ ಬಸ್ಸಾರು ಮಾಡುವುದು ಹೇಳಿಕೊಟ್ಟರು. ನಮ್ಮಲ್ಲಿ ಬೆಳ್ಳುಳ್ಳಿ ಹಾಕುವುದಿಲ್ಲ ಎಂದೆ.

"ಬೆಳ್ಳುಳ್ಳಿ ಇಲ್ದೆ ಬಸ್ಸಾರಾ? ಅದು ಬರೀ ಬಿಸಿನೀರು ಕಣಮ್ಮ," ಎಂದು ನಕ್ಕರು.

ಹೀಗೆ ಎಂಟು ವರ್ಷ ಅವರ ಸೊಪ್ಪು ತಿಂದೆ. ಉಂಡ ಮನೆಯ ಜಂತೆ ಎಣಿಸಬಾರದು ಅನ್ನುತ್ತಾರೆ. ನಾನು ಎಣಿಸಲಿಲ್ಲ, ನೇರವಾಗಿ ಕಿತ್ತೆ.

ಹೋದ ವರ್ಷ ನಮ್ಮ ಲೇಔಟಿನ ಸಂಘಕ್ಕೆ ಒಂದು ಸುತ್ತೋಲೆ ಬಂತು. ಬಡಾವಣೆಯ ಜನ ಸೇರಿ ತರಕಾರಿ ತೋಟ ಮಾಡಿದರೆ ಸರ್ಕಾರದಿಂದ ಸಹಾಯಧನ, ಸಸಿ, ಗೊಬ್ಬರ, ಹನಿ ನೀರಾವರಿ ಎಲ್ಲ ಸಿಗುತ್ತದೆ ಎಂದು. ಅಧ್ಯಕ್ಷ ಸುಮೇಧ ಕುಣಿದಾಡಿಬಿಟ್ಟ. ಜಾಗ ಖಾಲಿ ಇರಬೇಕು, ಹಾಗೆಂದು ಸುತ್ತಮುತ್ತಲಿನವರು ಸಹಿ ಹಾಕಿದ ಮಹಜರು ಬೇಕು. ಯಾರೋ ಅಲ್ಲಿ ಬೆಳೆಯುತ್ತಿದ್ದಾರೆ ಎಂದರೆ ಒತ್ತುವರಿ ಅಂತ ಫೈಲು ಮೂಲೆ ಸೇರುತ್ತದೆ ಎಂದು ಅವನು ಹೇಳಿದ. ಕಾರ್ಯದರ್ಶಿ ನಾನೇ. ಮೂವತ್ತೊಂದು ವರ್ಷ ಸರ್ಕಾರಿ ಕಚೇರಿಯಲ್ಲಿ ಕರಡು ಬರೆದ ಕೈ ಇದು. ಬರೆಯಿರಿ ಅಂದರೆ ಸಾಕು, ಯಾಕೆ ಅಂತ ಕೇಳುವುದಿಲ್ಲ. 'ಸದರಿ ಜಾಗವು ಯಾರ ಬಳಕೆಯಲ್ಲೂ ಇರುವುದಿಲ್ಲ, ಕಳೆ ಬೆಳೆದು ಪಾಳು ಬಿದ್ದಿರುತ್ತದೆ' ಎಂದು ಬರೆದೆ. ಅಣ್ಣೆ ಸೊಪ್ಪು ಕಳೆಯೇ ತಾನೇ ಎಂದು ನನಗೆ ನಾನೇ ಹೇಳಿಕೊಂಡೆ. ದಂಟಿಗೆ ಏನು ಹೇಳಿಕೊಂಡೆನೋ ಮರೆತುಹೋಗಿದೆ.

ಇನ್ನೊಂದು ವಿಷಯವೂ ಗೊತ್ತಿತ್ತು. ತೋಟದಲ್ಲಿ ಪಾತಿ ಸಿಗುವುದು ಸಂಘದ ಸದಸ್ಯರ ಮನೆಗಳಿಗೆ ಮಾತ್ರ. ಹಳೇ ಊರಿನ ಮನೆಗಳು ನಮ್ಮ ಲೇಔಟಿಗೆ ಸೇರಿದ್ದಲ್ಲ, ಅವಕ್ಕೆ ಸದಸ್ಯತ್ವವಿಲ್ಲ. ಮುಂದೆ ಹೇಗಾದರೂ ಸರಿಮಾಡಿದರಾಯಿತು ಎಂದುಕೊಂಡೆ.

ಮಹಜರಿಗೆ ಒಂದು ಸಹಿ ಕಡಿಮೆ ಬಿದ್ದಿತ್ತು. ನಾನು ಗೌರಮ್ಮನ ಹತ್ತಿರವೇ ಹೋದೆ. ಕೈಯ ಮಣ್ಣನ್ನು ಸೆರಗಿಗೆ ಒರೆಸಿಕೊಂಡು, ಏನು ಬರೆದಿದೆ ಎಂದು ಕೇಳಿದರು. ಇಲ್ಲಿ ತೋಟ ಮಾಡುವುದಕ್ಕೆ ಸರ್ಕಾರ ಸಹಾಯ ಮಾಡುತ್ತದೆ ಎಂದೆ. ಹಾಗಾದರೆ ನಲ್ಲಿ ಹಾಕಿಸುತ್ತಾರಾ, ಬಿಂದಿಗೆ ಹೊರುವುದು ತಪ್ಪುತ್ತದಾ ಎಂದು ಕೇಳಿದರು. ಹೂಂ ಎಂದೆ. ನಿಧಾನಕ್ಕೆ, ಒಂದೊಂದೇ ಅಕ್ಷರ ಬಿಡಿಸಿ ಸಹಿ ಹಾಕಿದರು. ಓದಿ ಹೇಳಲಾ ಎಂದು ಬಾಯಿಮಾತಿಗೆ ಕೇಳಿದೆ.

"ನೀವೇ ಬರ್ದಿದ್ದೀರಲ್ಲ ವಾರಿಜಮ್ಮ, ಇನ್ನೇನ್ ಓದೋದು," ಎಂದರು.

ತಿಂಗಳು ಕಳೆದ ಮೇಲೆ ಜಾಗ ನೋಡಲು ಶ್ವೇತ ಎಂಬ ಅಧಿಕಾರಿ ಬಂದರು. ಸಣ್ಣ ವಯಸ್ಸು, ಚುರುಕಾದ ಕಣ್ಣು. ಗೌರಮ್ಮ ಆಗಷ್ಟೇ ನೀರು ಹಾಕಿ ಮುಗಿಸಿ, ಬಿಂದಿಗೆ ಹಿಡಿದುಕೊಂಡು ಬೇಲಿಯ ಹತ್ತಿರ ನಿಂತಿದ್ದರು. ಸುಮೇಧ ಮತ್ತು ಸಂಘದ ನಾಲ್ಕೈದು ಜನ ಇದ್ದೆವು. ಶ್ವೇತ ನಾನು ಬರೆದ ಮಹಜರನ್ನು ಗಟ್ಟಿಯಾಗಿ ಓದಿದರು. ಸಹಿ ಹಾಕಿದವರ ಹೆಸರುಗಳನ್ನೂ ಓದಿದರು. ಆಮೇಲೆ ಸಾಲು ಹಿಡಿದು ನಿಂತ ದಂಟನ್ನು, ಒದ್ದೆ ಮಣ್ಣನ್ನು ನೋಡಿ ಕಾಗದ ಮಡಚಿದರು.

"ಇದು ಕಳೆ ಅಲ್ವಲ್ಲ. ಯಾರು ಬೆಳೀತಿದ್ದಾರೆ? ಇದ್ರೆ ಹೇಳಿ ಪರ್ವಾಗಿಲ್ಲ, ಅವ್ರ ಹೆಸ್ರನ್ನೇ ಮೊದ್ಲು ಹಾಕಿ ಮಾಡ್ಬಹುದು. ಅದ್ರಿಂದ ಸ್ಕೀಮ್ ಏನೂ ನಿಲ್ಲಲ್ಲ," ಎಂದರು.

ನಾನು ಬಾಯಿ ತೆರೆಯಬೇಕಿತ್ತು. ಒಂದೇ ಮಾತು, ಇವರು ಎಂದು ಬೆರಳು ತೋರಿಸಿದ್ದರೂ ಸಾಕಿತ್ತು. ಆದರೆ ಹಾಗೆಂದರೆ ಕಾಗದದಲ್ಲಿ ಸುಳ್ಳು ಬರೆದವಳು ನಾನು ಎಂದಾಗುತ್ತಿತ್ತು, ಸುಮೇಧ ನನ್ನನ್ನೇ ನೋಡುತ್ತಿದ್ದ. ನಾನು ನೆಲ ನೋಡಿದೆ. ತಲೆ ಎತ್ತಿದಾಗ ಗೌರಮ್ಮ ನನ್ನ ಮುಖ ನೋಡುತ್ತಿದ್ದರು. ಆ ಕಾಗದದಲ್ಲಿ ಏನಿತ್ತು ಎನ್ನುವುದು ಅವರಿಗೆ ಆಗ ತಿಳಿದಿತ್ತು.

"ಯಾರ್ದೂ ಅಲ್ಲ ಮೇಡಂ. ತಾನಾಗೇ ಬಂದಿದ್ದು. ನಾನು ಸುಮ್ನೆ ಹೋಗ್ತಾ ಬರ್ತಾ ಒಂಚೂರು ನೀರು ಹಾಕ್ತೀನಿ ಅಷ್ಟೇ," ಎಂದರು.

ಶ್ವೇತ ಎರಡು ಸಲ ಕೇಳಿದರು. ಎರಡು ಸಲವೂ ಅದೇ ಉತ್ತರ. ಅವರು ಬರೆದುಕೊಂಡು ಹೋದರು.

ಎಲ್ಲರೂ ಚದುರಿದ ಮೇಲೆ, ಯಾಕೆ ಹಾಗಂದಿರಿ ಎಂದು ಕೇಳಿದೆ. ಕೇಳುವುದಕ್ಕೂ ನಾಚಿಕೆಯಿರಬೇಕು, ಆದರೂ ಕೇಳಿದೆ.

"ನಾಲ್ಕು ಜನದ ಮುಂದೆ ನಿಮ್ಮನ್ನ ಸುಳ್ಳುಗಾತಿ ಮಾಡ್ಲಾ?" ಎಂದರು. ಬಿಂದಿಗೆ ಸೊಂಟಕ್ಕೇರಿಸಿಕೊಂಡು ಹೊರಟರು.

ಆ ವಾರವೇ ದಂಟನ್ನೆಲ್ಲ ಬುಡಸಮೇತ ಕಿತ್ತು, ಬೀದಿಯ ಮನೆಮನೆಗೂ ಹಂಚಿದರು. ನಮ್ಮ ಮನೆಗೂ ಕೊಟ್ಟರು. ಆಮೇಲೆ ತೋಟ ಬಂತು. ಹಸಿರು ಬಲೆ, ಸಿಮೆಂಟಿನ ದಾರಿ, ಹನಿ ಪೈಪು, ನಂಬರು ಹಾಕಿದ ಇಪ್ಪತ್ತು ಮಣ್ಣಿನ ಪೆಟ್ಟಿಗೆ. ಬೆರಕೆ ಸೊಪ್ಪು ಏಳುತ್ತಿದ್ದ ಕಡೆ ಈಗ ಬೆಂಚು ಇದೆ. ನನ್ನ ಪೆಟ್ಟಿಗೆಯನ್ನು ನೀವೇ ನೋಡಿಕೊಳ್ಳಿ ಎಂದು ಅವರ ಮನೆಗೆ ಹೋಗಿ ಹೇಳಿದೆ. ಮೊಣಕಾಲು ನೋವು ಎಂದರು. ಕಾಫಿ ಕೊಟ್ಟರು. ಹಳೆಯ ನಗುವಿರಲಿಲ್ಲ. ಅವರು ಬೈದಿದ್ದರೆ ನನಗೆ ಎಷ್ಟೋ ಹಗುರಾಗುತ್ತಿತ್ತು, ಆ ಉಪಕಾರವನ್ನೂ ಅವರು ಮಾಡಲಿಲ್ಲ.

ಶ್ವೇತ ಅವರ ಕಚೇರಿಗೆ ನಿಜ ಬರೆದು ಕಳಿಸಬೇಕೆಂದು ಮೂರು ಸಲ ಕೂತಿದ್ದೇನೆ. ಮೊದಲ ಸಾಲು ದಾಟಿಲ್ಲ.

ಮೊನ್ನೆ ಸೋಮವಾರ ದೇವಸ್ಥಾನದಿಂದ ಬರುತ್ತಿದ್ದಾಗ ತಳ್ಳುಗಾಡಿಯ ಹತ್ತಿರ ಗೌರಮ್ಮ ನಿಂತಿದ್ದರು. ಕೈಯಲ್ಲಿ ಒಂದು ಕಟ್ಟು ದಂಟಿನ ಸೊಪ್ಪು. ಗಾಡಿಯವನು ಇನ್ನೊಬ್ಬರಿಗೆ ತೂಕ ಹಾಕುತ್ತಿದ್ದ. ನಾನು ಪಕ್ಕಕ್ಕೆ ಸರಿದು ದಾಟಿಹೋಗಬೇಕೆಂದಿದ್ದೆ. ಅಷ್ಟರಲ್ಲಿ ಅವರೇ ಕರೆದು, ಗಾಡಿಯವನಿಗೆ ಕೇಳಿಸದ ಹಾಗೆ ಮೆಲ್ಲಗೆ ಕೇಳಿದರು.

"ವಾರಿಜಮ್ಮ, ಒಂದು ಕಟ್ಟು ಸೊಪ್ಪಿಗೆ ಎಷ್ಟು ಕೊಡ್ತಾರೆ? ನಾನು ಯಾವತ್ತೂ ಕೊಂಡಿಲ್ಲ."

ಇಪ್ಪತ್ತು ರೂಪಾಯಿ ಎಂದು ಹೇಳಿದೆ.